ದೊಡ್ಡ ಫ್ರೈಯರ್ ಹಾಕಿದರೆ ದಿನಕ್ಕೆ 300 ಕೆಜಿ ದಾಟುತ್ತದೆಯೇ? (ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಘಟಕ)

ಕುರುಕಲು_ಮೈಸೂರು:
ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೊರಗೆ ನಮ್ಮದೊಂದು ಸಣ್ಣ ಕುರುಕಲು ತಿಂಡಿ ಘಟಕ ಇದೆ. ನಾನು, ನನ್ನ ನಾದಿನಿ ಸೇರಿ ನೋಡಿಕೊಳ್ಳುತ್ತೇವೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಮೂರೇ ಐಟಂ. ಎಲ್ಲವೂ 200 ಗ್ರಾಂ ಪ್ಯಾಕೆಟ್. ಮೈಸೂರು, ಮಂಡ್ಯ, ಚಾಮರಾಜನಗರದ ಅಂಗಡಿಗಳಿಗೆ ಹೋಗುತ್ತದೆ.

ಈಗ ದಿನಕ್ಕೆ 215 ಕೆಜಿ ಆಸುಪಾಸು ಆಗುತ್ತಿದೆ. ಆರ್ಡರ್ ನೋಡಿದರೆ 300 ಬೇಕು. ಎರಡು ಗ್ಯಾಸ್ ಬಾಣಲೆ ಇವೆ. ಒಂದು ಒಬ್ಬೆಗೆ 4 ಕೆಜಿ, 10 ನಿಮಿಷ. ಗಂಟೆಗೆ 100 ಕೆಜಿ ಕರಿಯುವ ಕಂಟಿನ್ಯೂಯಸ್ ಫ್ರೈಯರ್ (ಒಬ್ಬೆ ಇಲ್ಲದೆ ಒಂದೇ ಸಮನೆ ಕರಿಯುವ ಮಷೀನು) ನೋಡಿ ಬಂದಿದ್ದೇವೆ. ಬ್ಯಾಂಕಿನವರು ಸಾಲ ಕೊಡುತ್ತೇವೆ ಅಂದಿದ್ದಾರೆ. ಗೋಕುಲಾಷ್ಟಮಿ ಒಳಗೆ ಹಾಕಿಸೋಣ ಅಂತ ಮನೆಯವರ ಆಸೆ. ಹಾಕಿಸಬಹುದಾ?

ಹುಬ್ಬಳ್ಳಿ_ಹಪ್ಪಳ:
ಹಾಕಿಸಿ ಬಿಡ್ರಿ ಅಕ್ಕಾರ. ಪಿಎಂಎಫ್‌ಎಂಇ (ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ್ದು) ಯೋಜನೆಯಲ್ಲಿ ನಾವು ತಗೊಂಡಾಗ 35% ಸಬ್ಸಿಡಿ ಇತ್ತು, ಗರಿಷ್ಠ 10 ಲಕ್ಷ. ನಾವು ಹಿಟ್ಟಿನ ಮಷೀನಿಗೆ ಅದರಲ್ಲೇ ತಗೊಂಡಿದ್ದು. ಆರ್ಡರ್ ಬಂದಾಗ ಮಾಲು ಕೊಡದಿದ್ದರೆ ಅಂಗಡಿಯವರು ಬೇರೆಯವರ ಹತ್ತಿರ ಹೋಗುತ್ತಾರೆ. ಒಮ್ಮೆ ಹೋದವರು ಮತ್ತೆ ಬರೋದು ಕಷ್ಟ.

ಪೀಣ್ಯ_ಲೇತ್:
ಸ್ವಲ್ಪ ತಡೆಯಿರಿ. ಮೇಡಂ, ನಿಮ್ಮದೇ ಲೆಕ್ಕ ನೋಡಿ. ಒಂದು ಬಾಣಲೆಗೆ ಗಂಟೆಗೆ ಆರು ಒಬ್ಬೆ, ಅಂದರೆ 24 ಕೆಜಿ. ಎರಡಕ್ಕೆ 48. ಏಳು ಗಂಟೆ ಓಡಿದರೆ 336 ಕೆಜಿ ಆಗಬೇಕು. ನಿಮಗೆ ಆಗುತ್ತಿರೋದು 215. ಉಳಿದ 120 ಕೆಜಿ ಎಲ್ಲಿ ಹೋಯಿತು? ಅದು ಗೊತ್ತಾಗದೆ ಫ್ರೈಯರ್ ತಗೊಳ್ಳಬೇಡಿ.

ಒಂದೇ ಪ್ರಶ್ನೆ: ದಿನದಲ್ಲಿ ಮಾಲು ಎಲ್ಲಿ ರಾಶಿ ಬೀಳುತ್ತದೆ? ಯಾರು ಯಾರಿಗಾಗಿ ಕಾಯುತ್ತಾರೆ?

ಕುರುಕಲು_ಮೈಸೂರು:
ಸರ್, ಕರಿಯೋದು ಬೆಳಿಗ್ಗೆ 9ಕ್ಕೆ ಶುರು. ಮಧ್ಯಾಹ್ನ 2ರ ಹೊತ್ತಿಗೆ ತಣಿಸುವ ಟ್ರೇಗಳೆಲ್ಲ ತುಂಬಿ ಹೋಗುತ್ತವೆ. 42 ಟ್ರೇ, ಒಂದೊಂದರಲ್ಲಿ 3 ಕೆಜಿ. ಖಾಲಿ ಟ್ರೇ ಇಲ್ಲ ಅಂತ ಕರಿಯುವವರು ಒಲೆ ಆರಿಸುತ್ತಾರೆ. ಆಮೇಲೆ ನಾಳೆಗೆ ಹಿಟ್ಟು ಜರಡಿ ಹಿಡಿಯೋದು, ಪಾತ್ರೆ ತೊಳೆಯೋದು. ಪ್ಯಾಕಿಂಗ್ 11ಕ್ಕೆ ಶುರುವಾಗಿ 5:30ಕ್ಕೆ ಮುಗಿಯುತ್ತದೆ. ಊಟಕ್ಕೆ ಅರ್ಧ ಗಂಟೆ ಎಲ್ಲರೂ ಒಟ್ಟಿಗೆ ಹೋಗುತ್ತಾರೆ. ರಾತ್ರಿಗೆ ಏನೂ ಉಳಿಸಲ್ಲ, ಮೆತ್ತಗಾಗುತ್ತದೆ ಅಂತ.

ಹಾಗಾದರೆ ಟ್ರೇ ಜಾಸ್ತಿ ತರಿಸಬೇಕಾ?

ಪೀಣ್ಯ_ಲೇತ್:
ಖಂಡಿತ ಬೇಡ! ಟ್ರೇ ಮುಗಿಯೋದು ನಿಮ್ಮ ಪುಣ್ಯ. 100 ಟ್ರೇ ಇದ್ದಿದ್ದರೆ ಸಂಜೆ ತನಕ ಕರಿದು, ರಾತ್ರಿ ಅಷ್ಟೂ ಮಾಲು ಗಾಳಿಗೆ ಬಿದ್ದಿರುತ್ತಿತ್ತು. ಟೊಯೋಟಾದವರು ಕಾನ್‌ಬಾನ್ ಕಾರ್ಡು ಅಂತ ಇಟ್ಟುಕೊಂಡಿದ್ದಾರಲ್ಲ, ಅದರ ಕೆಲಸವೂ ಇದೇ. ಮುಂದಿನವರು ಕೇಳದೆ ಹಿಂದಿನವರು ಮಾಡಬಾರದು. ನಿಮ್ಮ ಖಾಲಿ ಟ್ರೇನೇ ಕಾರ್ಡು.

ನಿಮ್ಮಲ್ಲಿ ಅಡ್ಡಿ ಇರೋದು ಪ್ಯಾಕಿಂಗ್‌ನಲ್ಲಿ. ಬಾಣಲೆಯಲ್ಲಿ ಅಲ್ಲ. ಪ್ಯಾಕಿಂಗ್‌ಗೆ ಎಷ್ಟು ಜನ, ಗಂಟೆಗೆ ಎಷ್ಟು ಪ್ಯಾಕೆಟ್?

ಬಿಡದಿ_ಲೈನ್:
ಅಂದಾಜು ಹೇಳಬೇಡಿ ಮೇಡಂ. ಮೊಬೈಲ್ ಒಂದು ಡಬ್ಬಕ್ಕೆ ಒರಗಿಸಿ ಹತ್ತು ನಿಮಿಷ ವಿಡಿಯೋ ಮಾಡಿ. ಹೇಳಿ ಮಾಡಿ, ಕದ್ದು ಮಾಡಬೇಡಿ. ಇಲ್ಲದಿದ್ದರೆ ಅವರಿಗೂ ಬೇಜಾರು, ನಿಮಗೆ ಸಿಗುವ ಅಳತೆಯೂ ಸುಳ್ಳು.

ಕುರುಕಲು_ಮೈಸೂರು:
ಮಾಡಿದೆ. ಇಬ್ಬರು ಕೂರುತ್ತಾರೆ. ಒಬ್ಬರು ತಕ್ಕಡಿ ಮೇಲೆ ತೂಗಿ ಕವರಿಗೆ ತುಂಬುತ್ತಾರೆ, ಇನ್ನೊಬ್ಬರು ಕಾಲಿನ ಸೀಲರ್‌ನಲ್ಲಿ ಒತ್ತುತ್ತಾರೆ. ತೂಗೋದಕ್ಕೆ 20 ಸೆಕೆಂಡ್ ಹಿಡಿಯುತ್ತದೆ. ಸೀಲ್ ಮಾಡೋದಕ್ಕೆ 8 ಸೆಕೆಂಡ್. ಸೀಲ್ ಮಾಡುವವರು ಅರ್ಧಕ್ಕಿಂತ ಜಾಸ್ತಿ ಹೊತ್ತು ಸುಮ್ನೆ ಕೈ ಕಟ್ಟಿ ಕೂತಿರುತ್ತಾರೆ. ನಾನು ದಿನಾ ಅಲ್ಲೇ ಓಡಾಡುತ್ತೇನೆ, ಕಣ್ಣಿಗೇ ಬಿದ್ದಿರಲಿಲ್ಲ.

ಕೋಡುಬಳೆ ತೂಗೋದು ನಿಧಾನ. 197 ಬಂದರೆ ಒಂದು ಸೇರಿಸಬೇಕು, ಆಗ 206 ಆಗುತ್ತದೆ. ಒಂದು ತೆಗೆದು ಸಣ್ಣದು ಹುಡುಕಿ ಹಾಕುತ್ತಾರೆ. ಸಾಕಾದಾಗ 206ಕ್ಕೇ ಬಿಟ್ಟುಬಿಡುತ್ತಾರೆ.

ಬಿಡದಿ_ಲೈನ್:
20 ಸೆಕೆಂಡಿಗೆ ಒಂದು ಅಂದರೆ ಗಂಟೆಗೆ 180 ಪ್ಯಾಕೆಟ್, 36 ಕೆಜಿ. 11ರಿಂದ 5:30, ಊಟ ಕಳೆದು ಆರು ಗಂಟೆ. 216 ಕೆಜಿ. ನೋಡಿ, ನಿಮ್ಮ ದಿನದ ಲೆಕ್ಕ ಸರಿಯಾಗಿ ಬಂದು ಕೂತಿತು. ಫ್ರೈಯರ್ ಗಂಟೆಗೆ 100 ಇರಲಿ, 1000 ಇರಲಿ, ಸಂಜೆಗೆ ಇದೇ 216.

ನಮ್ಮ ಫ್ಯಾಕ್ಟರಿ ಲೈನಿನಲ್ಲಿ ಮೊದಲು ಕೇಳೋದು ಟ್ಯಾಕ್ಟ್ ಟೈಮ್. ಗಿರಾಕಿಗೆ ಎಷ್ಟು ಹೊತ್ತಿಗೊಂದು ಬೇಕು ಅನ್ನೋದು. 300 ಕೆಜಿ ಅಂದರೆ 1500 ಪ್ಯಾಕೆಟ್. ಎಂಟು ಗಂಟೆ ಪೂರ್ತಿ ಪ್ಯಾಕಿಂಗ್ ನಡೆದರೆ 19 ಸೆಕೆಂಡಿಗೊಂದು ಬೇಕು. ನಿಮ್ಮದು 20. ಸ್ವಲ್ಪದರಲ್ಲೇ ಇದ್ದೀರಿ. ವೇಗ ಸಾಲದು ಅನ್ನೋದಕ್ಕಿಂತ, ಶುರು ಮಾಡೋದೇ ತಡ ಅನ್ನೋದು ನಿಮ್ಮ ತೊಂದರೆ.

ಲೆಕ್ಕದ_ಮೇಷ್ಟ್ರು:
ತಡವಾಗಿ ಸೇರಿಕೊಂಡೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದೇ ಪಾಠ ಮಾಡುತ್ತೇನೆ. ಬಿಡದಿಯ ಲೈನ್ ಸರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಪ್ಯಾಕಿಂಗ್ 9ಕ್ಕೆ ಶುರುವಾಗಬೇಕಾದರೆ, 9ಕ್ಕೆ ತಣಿದ ಮಾಲು ಕೈಯಲ್ಲಿರಬೇಕು. 9ರಿಂದ 11ರ ತನಕ, ಗಂಟೆಗೆ 36ರಂತೆ 72 ಕೆಜಿ. ಅದನ್ನು ಹಿಂದಿನ ದಿನ 2ರಿಂದ 3:30ರ ತನಕ ಕರಿದಿಟ್ಟರೆ ಆಯಿತು. 48ರಂತೆ ಒಂದೂವರೆ ಗಂಟೆಗೆ ಸರಿಯಾಗಿ 72. ಹೇಗೂ ಆ ಹೊತ್ತಿಗೆ ನಿಮ್ಮ ಬಾಣಲೆ ಆರಿಸಿಟ್ಟಿರುತ್ತೀರಿ. ಗಾಳಿಯಾಡದ ಮುಚ್ಚಳದ ದೊಡ್ಡ ಫುಡ್ ಗ್ರೇಡ್ ಡಬ್ಬಗಳು ಬೇಕು, ಒಳಗೆ ಲೈನರ್ ಕವರು. ಆಗ ಎಂಟು ಗಂಟೆಗೆ 288 ಕೆಜಿ. ಊಟಕ್ಕೆ ಒಬ್ಬರಾದ ಮೇಲೆ ಒಬ್ಬರು ಹೋಗಿ, ಆ ಅರ್ಧ ಗಂಟೆ ಬೇರೆ ಯಾರಾದರೂ ಕೂತರೆ ಇನ್ನೊಂದು 18. ಒಟ್ಟು 306.

ಇನ್ನೊಂದು ಸಣ್ಣ ಲೆಕ್ಕ. 1961ರಲ್ಲಿ ಜಾನ್ ಲಿಟಲ್ ಎಂಬವರು ಸಾಬೀತು ಮಾಡಿದ್ದು. ನಡುವೆ ನಿಂತ ಮಾಲನ್ನು, ಗಂಟೆಗೆ ಹೊರಗೆ ಹೋಗುವ ಮಾಲಿನಿಂದ ಭಾಗಿಸಿದರೆ ಕಾಯುವ ಹೊತ್ತು ಸಿಗುತ್ತದೆ. ನಿಮ್ಮ 42 ಟ್ರೇ ತುಂಬಿದಾಗ 126 ಕೆಜಿ. ಭಾಗಿಸು 36. ಮೂರೂವರೆ ಗಂಟೆ. ಅಂದರೆ 2 ಗಂಟೆಗೆ ಕರಿದ ಕೋಡುಬಳೆ ಸಂಜೆ 5:30ರ ತನಕ ತೆರೆದ ಟ್ರೇಯಲ್ಲೇ ಇರುತ್ತದೆ. ತಣಿಯೋದಕ್ಕೆ ಅಷ್ಟು ಹೊತ್ತು ಬೇಕಿಲ್ಲ ಅಲ್ವಾ? ಮಳೆಗಾಲದಲ್ಲಿ ಅಂಗಡಿಯಿಂದ "ಮೆತ್ತಗಿದೆ" ಅಂತ ದೂರು ಬರುತ್ತಿದ್ದರೆ ಕಾರಣ ಅಲ್ಲೇ ಹುಡುಕಿ.

ಕುರುಕಲು_ಮೈಸೂರು:
ಮೇಷ್ಟ್ರೇ, ಮೆತ್ತಗಿನ ದೂರು ಬರೋದು ನಿಜ! ನಾವು ಕವರಿನ ದಪ್ಪ ಕಡಿಮೆ ಅಂದುಕೊಂಡು ಕವರೇ ಬದಲಾಯಿಸಿದ್ದೆವು.

ಎಣ್ಣೆ_ಬಾಣಲೆ:
ಮೂವತ್ತು ವರ್ಷದಿಂದ ಇದೇ ಕಸುಬು, ನನ್ನದೂ ಒಂದು ಮಾತು. ಡಬ್ಬಕ್ಕೆ ತುಂಬುವಾಗ ಕೈ ಇಟ್ಟು ನೋಡಿ. ಮೇಲಿನದಲ್ಲ, ಟ್ರೇಯ ತಳದಲ್ಲಿ ನಡುಭಾಗದ್ದು. ಅದು ಬೆಚ್ಚಗಿದ್ದರೆ ಮುಚ್ಚಳ ಹಾಕಬೇಡಿ. ಮುಚ್ಚಿದರೆ ಬೆಳಿಗ್ಗೆಗೆ ಮುಚ್ಚಳದೊಳಗೆ ಹನಿ ಕೂತಿರುತ್ತದೆ. ಒಂದು ಡಬ್ಬ ಹೋದರೆ ಹತ್ತು ಕೆಜಿ ಹೋಯಿತು. ತಳದಲ್ಲಿ ತೂತಿರುವ ಟ್ರೇ ಆದರೆ ಬೇಗ ತಣಿಯುತ್ತದೆ. ಸುಮ್ನೆ ಫ್ಯಾನ್ ಹಾಕಬೇಡಿ, ಮಳೆ ದಿನ ಅದು ತೇವದ ಗಾಳಿಯನ್ನೇ ತಿಂಡಿಗೆ ಬೀಸುತ್ತದೆ.

ಫ್ರೈಯರ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ಎಲ್ಲರೂ ಕೆಜಿ ಲೆಕ್ಕ ಹೇಳಿದಿರಿ, ಎಣ್ಣೆ ಲೆಕ್ಕ ಯಾರೂ ಹೇಳಲಿಲ್ಲ. ದೊಡ್ಡ ಫ್ರೈಯರ್‌ನಲ್ಲಿ ಎಣ್ಣೆ ಜಾಸ್ತಿ ಹಿಡಿಯುತ್ತದೆ. ಪೂರ್ತಿ ಓಡಿಸಿದರೆ ತಿಂಡಿ ಎಣ್ಣೆ ಕುಡಿಯುತ್ತದೆ, ನೀವು ಹೊಸ ಎಣ್ಣೆ ಸುರಿಯುತ್ತಾ ಇರುತ್ತೀರಿ, ಎಣ್ಣೆ ತಾಜಾ ಇರುತ್ತದೆ. ಗಂಟೆಗೆ 100 ಕರಿಯುವ ಫ್ರೈಯರ್‌ನಲ್ಲಿ 40 ಕರಿದರೆ? ಅಷ್ಟೂ ಎಣ್ಣೆ ಕಾಯುತ್ತಾ ಕೂರುತ್ತದೆ, ಹೊಸದು ಸೇರೋದು ಕಡಿಮೆ. ಬೇಗ ಕಪ್ಪಾಗುತ್ತದೆ, ನೊರೆ ಬರುತ್ತದೆ. 2018ರ ಜುಲೈನಿಂದ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ ಇದೆ, ಟೋಟಲ್ ಪೋಲಾರ್ ಕಾಂಪೌಂಡ್ (ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟ ಹಾಗೆ ಹೆಚ್ಚುವ ಅಂಶ) 25% ದಾಟಿದ ಎಣ್ಣೆಯಲ್ಲಿ ಕರಿಯುವಂತಿಲ್ಲ. ಅರ್ಧ ಓಡುವ ದೊಡ್ಡ ಫ್ರೈಯರ್ ಅಂದರೆ ಎಣ್ಣೆ ಚೆಲ್ಲುವ ಮಷೀನು.

ಹುಬ್ಬಳ್ಳಿ_ಹಪ್ಪಳ:
ಇದು ನನಗೆ ಹೊಳೆದಿರಲಿಲ್ಲ ನೋಡ್ರಿ. ಆದರೂ ಒಂದು ಮಾತು. ಇವತ್ತು 300 ಬೇಕು, ಎರಡು ವರ್ಷಕ್ಕೆ 600 ಬೇಕಾದರೆ? ಆಗ ಮತ್ತೆ ಮೊದಲಿಂದ ಓಡಾಡೋದಾ? ಬೆಳೆಯೋ ಮಗುವಿಗೆ ಅಂಗಿ ಒಂದು ಸೈಜ್ ದೊಡ್ಡದೇ ಹೊಲಿಸಬೇಕು.

ಪೀಣ್ಯ_ಲೇತ್:
ಅಂಗಿಗೆ ಕಂತು ಇಲ್ಲ ಸರ್ 😀

ಸಬ್ಸಿಡಿ 35% ಅಂದರೆ ಉಳಿದ 65% ನಮ್ಮದೇ. ನಮ್ಮ ಕಡೆ ಎಷ್ಟೋ ಶೆಡ್‌ಗಳಲ್ಲಿ ನೋಡಿದ್ದೇನೆ. ಹೊಸ ಸಿಎನ್‌ಸಿ (ಕಂಪ್ಯೂಟರ್ ನಡೆಸುವ, ಲೋಹ ಕಡೆಯುವ ಮಷೀನು) ಬರುತ್ತದೆ, ಪೂಜೆ ಆಗುತ್ತದೆ. ಕಂತು ಕಟ್ಟಬೇಕಲ್ಲ ಅಂತ ಮಷೀನು ಹಗಲು ರಾತ್ರಿ ಓಡಿಸುತ್ತಾರೆ. ಪೀಸ್‌ಗಳು ಮುಂದಿನ ಗ್ರೈಂಡಿಂಗ್ ಹತ್ತಿರ ಕ್ರೇಟುಗಟ್ಟಲೆ ಬಿದ್ದಿರುತ್ತವೆ. ದುಡ್ಡೆಲ್ಲ ಆ ಕ್ರೇಟಿನಲ್ಲಿ. ಗಿರಾಕಿಗೆ ಮಾತ್ರ ಅದೇ ತಡ. ಮಷೀನು ಖಾಲಿ ನಿಂತರೆ ನಷ್ಟ ಅನ್ನೋ ಮಾತು ಅಡ್ಡಿ ಇರುವ ಮಷೀನಿಗೆ ಮಾತ್ರ ನಿಜ. ಉಳಿದವು ನಿಲ್ಲಲಿ, ಏನೂ ಆಗಲ್ಲ.

600 ಬಂದ ದಿನ ಫ್ರೈಯರ್ ತಗೊಳ್ಳಿ. ಆಗ ಪೂರ್ತಿ ಓಡುತ್ತದೆ, ಎಣ್ಣೆಯೂ ಸರಿ ಇರುತ್ತದೆ.

ಕುರುಕಲು_ಮೈಸೂರು:
ಇನ್ನೊಂದು ತಕ್ಕಡಿ ಇಟ್ಟು ಮೂರನೆಯವರನ್ನು ಕೂರಿಸಿದರೆ ಹೇಗೆ? ಸೀಲ್ ಮಾಡುವವರಿಗೆ ಬಿಡುವು ಇದೆಯಲ್ಲ. ಮಧ್ಯಾಹ್ನದ ಮೇಲೆ ಕೋಡುಬಳೆ ಹೊಸೆಯುವವರಲ್ಲಿ ಒಬ್ಬರನ್ನು ಕರೆಯಬಹುದು ಅಂದುಕೊಂಡೆ. ಆದರೆ 3:30ರ ತನಕ ಕರಿದರೆ ಹೊಸೆಯೋದೂ ಅಲ್ಲಿಯ ತನಕ ನಡೆಯಬೇಕು, ಅವರಿಗೆ ಬಿಡುವೇ ಇರಲ್ಲ.

ಬಿಡದಿ_ಲೈನ್:
ಸರಿಯಾಗಿ ಹಿಡಿದಿರಿ. ತಕ್ಕಡಿ ತಗೊಂಡಿಡಿ, ಖರ್ಚು ದೊಡ್ಡದಲ್ಲ. ಜನ ಕಾಯಂ ಬೇಡ. ಒತ್ತಡ ಇರುವ ದಿನ 3:30ರ ಮೇಲೆ ಹೊಸೆಯುವವರು ಬಿಡುವಾದಾಗ ಒಬ್ಬರು ಬಂದು ಕೂರಲಿ. ಆ ಎರಡು ಗಂಟೆ ಪ್ಯಾಕಿಂಗ್ ದುಪ್ಪಟ್ಟು. ಸೀಲರ್ ಎಂಟೇ ಸೆಕೆಂಡ್ ಆದ್ದರಿಂದ ತಡೆಯುತ್ತದೆ.

ತೂಕದ ವಿಷಯ. 206 ಹಾಕಿದರೆ ಪ್ಯಾಕೆಟ್ಟಿಗೆ 6 ಗ್ರಾಂ ಪುಕ್ಕಟೆ. ಎಲ್ಲದರಲ್ಲೂ ಹಾಗೇ ಆದರೆ 1080 ಪ್ಯಾಕೆಟ್ಟಿಗೆ ಆರೂವರೆ ಕೆಜಿ, ದಿನಾ. ಕೋಡುಬಳೆ ಮುರಿದ ಚೂರುಗಳನ್ನು ಒಂದು ಬಟ್ಟಲಲ್ಲಿ ತಕ್ಕಡಿ ಪಕ್ಕ ಇಡಿ. 197 ಬಂದಾಗ ಒಂದು ಚೂರು. ಹುಡುಕೋ ಹೊತ್ತೂ ಉಳಿಯುತ್ತದೆ.

ಲೆಕ್ಕದ_ಮೇಷ್ಟ್ರು:
ತೂಗಿ ತುಂಬುವ ಸೆಮಿ ಆಟೊಮ್ಯಾಟಿಕ್ ಮಷೀನು ತೋರಿಸಲು ಯಾರಾದರೂ ಬಂದೇ ಬರುತ್ತಾರೆ. ಮಿಕ್ಸ್ಚರ್, ಕಾರಾಬೂಂದಿಗೆ ಅದು ಚೆನ್ನಾಗಿ ಓಡುತ್ತದೆ. ಬಳೆಯಾಕಾರದ್ದು ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ, ಬೀಳುವಾಗ ಮುರಿಯುತ್ತದೆ. ನಿಮ್ಮ ಮಾಲು ನೀವೇ ಒಯ್ದು, ಅವರ ಮುಂದೆ ಓಡಿಸಿ ನೋಡದೆ ಮುಂಗಡ ಕೊಡಬೇಡಿ.

ಎಣ್ಣೆ_ಬಾಣಲೆ:
ಮೂರು ಐಟಂ ದಿನಾ ಮಾಡುತ್ತೀರಾ? ಯಾವುದು ಮೊದಲು?

ಕುರುಕಲು_ಮೈಸೂರು:
ದಿನಾ ಮೂರೂ ಮಾಡುತ್ತೇವೆ. ಯಾವುದರ ಆರ್ಡರ್ ಮೊದಲು ಬಂತೋ ಅದು ಮೊದಲು.

ಎಣ್ಣೆ_ಬಾಣಲೆ:
ಅಯ್ಯೋ! ನಿಪ್ಪಟ್ಟಿಗೆ ಕಡಲೆಬೀಜ ಹಾಕುತ್ತೀರಲ್ಲ? ಅದನ್ನು ಕರಿದ ಎಣ್ಣೆಯಲ್ಲಿ ಚಕ್ಕುಲಿ ಕರಿದರೆ ಬೀಜದ ಚೂರು ಚಕ್ಕುಲಿಗೂ ಅಂಟುತ್ತದೆ. ಕಡಲೆಬೀಜದ ಅಲರ್ಜಿ ಇರುವವರಿಗೆ ಅದು ಸಣ್ಣ ವಿಷಯ ಅಲ್ಲ. ಬೆಣ್ಣೆ ಚಕ್ಕುಲಿ ಮೊದಲು, ಆಮೇಲೆ ಕೋಡುಬಳೆ, ಕಡೆಗೆ ನಿಪ್ಪಟ್ಟು. ಸಪ್ಪೆಯಿಂದ ಖಾರಕ್ಕೆ, ಬೀಜ ಇಲ್ಲದ್ದರಿಂದ ಇರೋದಕ್ಕೆ. ನಡುವೆ ತೊಳೆಯುವ ಕೆಲಸವೂ ಕಡಿಮೆ. ರಾತ್ರಿ ಎಣ್ಣೆ ಸೋಸಿ. ಏನೇ ಆದರೂ ಒಂದೇ ಬಾಣಲೆಯಲ್ಲಿ ನಡೆಯೋದರಿಂದ ಮೂರೂ ಕವರಿನ ಮೇಲೆ ಕಡಲೆಬೀಜದ ಎಚ್ಚರಿಕೆ ಇರಲೇಬೇಕು.

ಪೀಣ್ಯ_ಲೇತ್:
ದಿನಾ ಮೂರೂ ಯಾಕೆ ಬೇಕು? ಒಂದು ದಿನ ಎರಡು ಮಾಡಿ. ಐಟಂ ಬದಲಾದಾಗಲೆಲ್ಲ ಎಣ್ಣೆಯ ಕಾವು ಹೊಂದಿಸಬೇಕು, ಕವರು ಬದಲಾಯಿಸಿ ಬ್ಯಾಚ್ ನಂಬರ್ ಹೊಸದು ಹಾಕಬೇಕು.

ಲೆಕ್ಕದ_ಮೇಷ್ಟ್ರು:
ಒಂದು ಸಲಕ್ಕೆ ಎಷ್ಟು ಮಾಡಬೇಕು ಅನ್ನೋದಕ್ಕೆ 1913ರಲ್ಲೇ ಫೋರ್ಡ್ ಹ್ಯಾರಿಸ್ ಅನ್ನುವವರು ಸೂತ್ರ ಕೊಟ್ಟಿದ್ದಾರೆ. ಬದಲಾಯಿಸುವ ಖರ್ಚು ಒಂದು ಕಡೆ, ಮಾಲು ಇಟ್ಟುಕೊಳ್ಳುವ ಖರ್ಚು ಇನ್ನೊಂದು ಕಡೆ. ಆದರೆ ಬದಲಾಯಿಸುವ ಹೊತ್ತನ್ನೇ ಕಡಿಮೆ ಮಾಡಬಹುದು ಅಂತ ತೋರಿಸಿದವರು ಜಪಾನಿನ ಶಿಗೆಯೊ ಶಿಂಗೊ. ಟೊಯೋಟಾದ ದೊಡ್ಡ ಪ್ರೆಸ್ಸಿನ ಡೈ (ಅಚ್ಚು) ಬದಲಾಯಿಸಲು 4 ಗಂಟೆ ಹಿಡಿಯುತ್ತಿದ್ದದ್ದು 3 ನಿಮಿಷಕ್ಕೆ ಇಳಿಯಿತು. ಗುಟ್ಟು ಏನೆಂದರೆ, ಮಷೀನು ಓಡುತ್ತಿರುವಾಗಲೇ ಮಾಡಬಹುದಾದ ಕೆಲಸವನ್ನು ನಿಲ್ಲಿಸಿದ ಮೇಲೆ ಮಾಡಬಾರದು. ನಿಮ್ಮಲ್ಲಿ? ಕೋಡುಬಳೆಯ ಹಿಟ್ಟು, ಕೊನೆಯ ಚಕ್ಕುಲಿ ಒಬ್ಬೆ ಎಣ್ಣೆಯಲ್ಲಿರುವಾಗಲೇ ತಯಾರಿರಲಿ. ಕವರಿನ ಮೇಲಿನ ತಾರೀಖು ಬೆಳಿಗ್ಗೆಯೇ ಒತ್ತಿರಲಿ.

ಅಷ್ಟಾದರೆ ದಿನಾ ಮೂರು ಐಟಂ ತೊಂದರೆಯಲ್ಲ. ಅಂಗಡಿಗೆ ತಾಜಾ ತಾರೀಖು ಸಿಗುತ್ತದೆ. ಪೀಣ್ಯದವರ ಮಾತಿಗೆ ಇಲ್ಲಿ ನನ್ನ ಒಪ್ಪಿಗೆ ಇಲ್ಲ. ಇದು ಕಬ್ಬಿಣ ಅಲ್ಲ, ತಿಂಡಿ.

ಪೀಣ್ಯ_ಲೇತ್:
ಒಪ್ಪಿದೆ ಮೇಷ್ಟ್ರೇ. ಆದರೆ ನಿಮ್ಮ 306 ನನಗೆ ಹಿಡಿಸಲಿಲ್ಲ. ಒಂದು ದಿನ ಕರೆಂಟು ಹೋಗುತ್ತದೆ, ಒಬ್ಬರು ರಜೆ, ಸೀಲರ್ ತಂತಿ ಸುಡುತ್ತದೆ.

ಲೆಕ್ಕದ_ಮೇಷ್ಟ್ರು:
ಅದು ಸರಿ. 306 ಅನ್ನೋದು ಮೇಲಿನ ಮಿತಿ, ಅಂಗಡಿಗೆ ಕೊಡುವ ಮಾತು ಅಲ್ಲ. ಕ್ಯೂ, ಅಂದರೆ ಸರದಿ ಸಾಲಿನ, ಲೆಕ್ಕದ ಸರಳ ಮಾದರಿಯಲ್ಲಿ ಒಬ್ಬ ಕೆಲಸಗಾರರು 80% ಭರ್ತಿ ಇದ್ದರೆ ಸರಾಸರಿ 4 ಕೆಲಸ ಅವರ ಹತ್ತಿರ ನಿಂತಿರುತ್ತವೆ. 90% ಆದರೆ 9. 95% ಆದರೆ 19. ಕೊನೆಯ ಐದು ಪರ್ಸೆಂಟಿನಲ್ಲೇ ಎಲ್ಲ ಹದಗೆಡೋದು. 270 ಅಂತ ಪ್ಲಾನ್ ಮಾಡಿ. ಉಳಿದದ್ದು ಕರೆಂಟಿಗೂ ರಜೆಗೂ ಇರಲಿ. 300 ಬೇಕಾದ ದಿನಗಳಲ್ಲಿ ಸಂಜೆಯ ಎರಡನೇ ತಕ್ಕಡಿ.

ಹುಬ್ಬಳ್ಳಿ_ಹಪ್ಪಳ:
ರಜೆ ಅಂದ ಮೇಲೆ ನೆನಪಾಯಿತು. ಹಬ್ಬದ ಪ್ಲಾನ್ ಏನು ಮಾಡೀರಿ? ನಮ್ಮಲ್ಲಿ ದೀಪಾವಳಿಗೆ ಆರ್ಡರ್ ಮೇಲೆ ಆರ್ಡರ್, ಹೆಣ್ಣಾಳುಗಳು ಒಬ್ಬರೂ ಇಲ್ಲ. ಅವರಿಗೂ ಹಬ್ಬ ಇರ್ತದಲ್ಲ.

ಕುರುಕಲು_ಮೈಸೂರು:
ಅದೇ ಕಥೆ ಸರ್. ಗೋಕುಲಾಷ್ಟಮಿಗೆ ಚಕ್ಕುಲಿ ಎಷ್ಟಿದ್ದರೂ ಸಾಲದು. ಅದು ಮುಗಿಯುತ್ತಿದ್ದ ಹಾಗೆ ಗೌರಿ ಗಣೇಶ. ಗೌರಿ ಹಬ್ಬಕ್ಕೆ ಹೊಸೆಯುವವರೆಲ್ಲ ತವರಿಗೆ ಹೋಗುತ್ತಾರೆ. ಬೇಡ ಅನ್ನೋದಕ್ಕೆ ಆಗುತ್ತದಾ? ನಾನೂ ಹೋಗುತ್ತೇನಲ್ಲ! ಆಮೇಲೆ ದಸರಾ, ದೀಪಾವಳಿ.

ಬಿಡದಿ_ಲೈನ್:
ಹಾಗಾದರೆ ಪ್ಲಾನ್ ಕ್ಯಾಲೆಂಡರಿನಲ್ಲಿ ಮೊದಲು ಬರೆಯಬೇಕಾದ್ದು ಆರ್ಡರ್ ಅಲ್ಲ, ಜನ ಇಲ್ಲದ ದಿನಗಳು. ಆ ದಿನಗಳಿಗೆ ಕೆಂಪು ಗೆರೆ ಎಳೆಯಿರಿ. ಅಲ್ಲಿಂದ ಹಿಂದಕ್ಕೆ ಎಣಿಸಿ. ಹಬ್ಬದ ಹಿಂದಿನ ಎರಡು ವಾರ ದಿನಾ ಸಂಜೆ ಎರಡನೇ ತಕ್ಕಡಿ ಹಾಕಿದರೆ, ದಿನಕ್ಕೆ ಸ್ವಲ್ಪ ಸ್ವಲ್ಪ ಪ್ಯಾಕ್ ಆದ ಮಾಲು ಸೇರುತ್ತದೆ. ಹೊಸೆಯುವವರು ಬೇಕಿಲ್ಲದ, ಒರಳಿನಲ್ಲಿ ಒತ್ತುವ ಚಕ್ಕುಲಿಯನ್ನು ಹಬ್ಬದ ಹತ್ತಿರ ಇಟ್ಟುಕೊಳ್ಳಿ. ಕೋಡುಬಳೆ ಮೊದಲೇ ಮಾಡಿ ಮುಗಿಸಿ.

ಎಣ್ಣೆ_ಬಾಣಲೆ:
ಅಂಗಡಿಯವರು ಎರಡು ವಾರ ಹಳೇ ತಾರೀಖು ನೋಡಿ ಮೂಗು ಮುರಿಯುತ್ತಾರೆ. ಮೊದಲೇ ಮಾತಾಡಿಟ್ಟುಕೊಳ್ಳಿ. ಮುಂಚೆಯೇ ಮಾಲು ಎತ್ತಿಕೊಂಡವರಿಗೆ ಪೆಟ್ಟಿಗೆಗೆ ಎರಡು ಪ್ಯಾಕೆಟ್ ಹೆಚ್ಚು ಕೊಟ್ಟರೆ ಬಾಯಿ ಮುಚ್ಚುತ್ತದೆ.

ಬಿಡದಿ_ಲೈನ್:
ಒಂದು ಕೊನೆಯ ಕೆಲಸ, ಮೇಡಂ. ಶೆಡ್ಡಿನ ನಕ್ಷೆ ಹಾಳೆಯಲ್ಲಿ ಬರೆದು, ಒಂದು ಟ್ರೇ ಎಲ್ಲೆಲ್ಲಿ ಓಡಾಡುತ್ತದೆ ಅಂತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಹಾಕಿ. ನೋಡೋಣ.

ಕುರುಕಲು_ಮೈಸೂರು:
ಎಳೆದೆ. ನಗಬೇಡಿ. ಕರಿಯೋದು ಹಿಂದಿನ ಗೋಡೆ ಹತ್ತಿರ. ತಣಿಸುವ ಸ್ಟ್ಯಾಂಡ್ ಮುಂಬಾಗಿಲ ಹತ್ತಿರ. ಪ್ಯಾಕಿಂಗ್ ಮತ್ತೆ ಹಿಂದೆ, ಬಾಣಲೆಗೆ ಅಡ್ಡಗೋಡೆ ಅಷ್ಟೇ. ಪ್ಯಾಕ್ ಆದ ಪೆಟ್ಟಿಗೆ ಮತ್ತೆ ಮುಂಬಾಗಿಲಿಗೆ. ಶೆಡ್ ಬಾಡಿಗೆಗೆ ಬಂದಾಗ ಪ್ಲಗ್ ಪಾಯಿಂಟ್ ಎಲ್ಲಿತ್ತೋ ಅಲ್ಲಿ ಸೀಲರ್ ಇಟ್ಟಿದ್ದು.

ಬಿಡದಿ_ಲೈನ್:
ಎಷ್ಟೋ ಶೆಡ್‌ಗಳ ಲೇಔಟ್ ಮಾಡಿರೋದು ಎಲೆಕ್ಟ್ರಿಷಿಯನ್ನೇ. ಒಂದು ಪ್ಲಗ್ ಪಾಯಿಂಟ್ ಮುಂದಕ್ಕೆ ತನ್ನಿ. ಹಿಟ್ಟು ಹಿಂದಿನಿಂದ ಒಳಗೆ ಬಂದು, ಪೆಟ್ಟಿಗೆ ಮುಂದಿನಿಂದ ಹೊರಗೆ ಹೋಗಲಿ. ಹಬೆ, ಎಣ್ಣೆ ಹೊಗೆ ಪ್ಯಾಕಿಂಗ್‌ನಿಂದ ದೂರ ಆಗುತ್ತದೆ. ಮೆತ್ತಗಾಗೋ ದೂರಿಗೆ ಅದೂ ಒಂದು ಕಾರಣ ಇರಬಹುದು.

ಕುರುಕಲು_ಮೈಸೂರು (ಕೆಲವು ವಾರಗಳ ನಂತರ):
ಕೇಳಿದವರಿಗೆಲ್ಲ ಉತ್ತರ ಕೊಡುತ್ತೇನೆ ಅಂದಿದ್ದೆ. ಫ್ರೈಯರ್ ತಗೊಳ್ಳಲಿಲ್ಲ. ಡಬ್ಬ, ಒಂದು ತಕ್ಕಡಿ, ಒಂದು ಪ್ಲಗ್ ಪಾಯಿಂಟ್. ದಿನಕ್ಕೆ 265ರಿಂದ 275 ಆಗುತ್ತಿದೆ. ಸಂಜೆ ಎರಡನೇ ತಕ್ಕಡಿ ಕೂತ ದಿನ 300 ಮುಟ್ಟಿದೆ.

ಹೊಸ ತಕರಾರು ಶುರುವಾಗಿದೆ. ಮೊದಲು 2ಕ್ಕೆ ಒಲೆ ಆರುತ್ತಿತ್ತು, ಈಗ 3:30ರ ತನಕ ಉರಿ ಮುಂದೆ ನಿಲ್ಲಬೇಕು ಅಂತ ಕರಿಯುವವರು ಸಂಬಳ ಜಾಸ್ತಿ ಕೇಳುತ್ತಿದ್ದಾರೆ.

ಎಣ್ಣೆ_ಬಾಣಲೆ:
ಕೊಡಿ ಮೇಡಂ. ಬೇಸಿಗೆಯಲ್ಲಿ ಆ ಒಂದೂವರೆ ಗಂಟೆ ನಿಂತು ನೋಡಿ, ನೀವೇ ಜಾಸ್ತಿ ಕೊಡುತ್ತೀರಿ. ಬಾಣಲೆ ಮೇಲೆ ಒಂದು ಎಕ್ಸಾಸ್ಟ್ ಹುಡ್ ಹಾಕಿಸಿ. ಹೊಸೆಯುವವರಿಗೆ ಕೆಜಿ ಲೆಕ್ಕವಾ, ದಿನಗೂಲಿನಾ?

ಕುರುಕಲು_ಮೈಸೂರು:
ಕೆಜಿ ಲೆಕ್ಕ. ಅವರು ಖುಷಿಯಾಗಿದ್ದಾರೆ. ಹುಡ್‌ಗೆ ಅಳತೆ ತಗೊಳ್ಳಲು ನಾಳೆ ಫ್ಯಾಬ್ರಿಕೇಷನ್‌ನವರು ಬರುತ್ತಾರೆ. ಎರಡು ಬಾಣಲೆಗೆ ಒಂದೇ ಹುಡ್ ಸಾಕಾ, ಬೇರೆ ಬೇರೆ ಬೇಕಾ?

ಪೀಣ್ಯ_ಲೇತ್:
ಒಂದೇ ಸಾಕು. ಬಾಣಲೆಯ ಅಂಚಿಗಿಂತ ಸುತ್ತಲೂ ಅರ್ಧ ಅಡಿ ಆಚೆಗೆ ಬರೋ ಹಾಗೆ ಅಳತೆ ಕೊಡಿ. ಎಣ್ಣೆ ಜಿಡ್ಡು ತೆಗೆಯಲು ಫಿಲ್ಟರ್ ಬಿಚ್ಚಿಕೊಳ್ಳುವಂತಿರಲಿ, ವೆಲ್ಡ್ ಮಾಡಿಬಿಡುತ್ತಾರೆ, ಹೇಳಿಟ್ಟಿರಿ.